ನುಗ್ಗೆಗೆ ಸಾಸಿವೆಯೇ ನೆಂಟ

ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನ 1246ರದು. ಗೋಡೆಯ ಬುಡದ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಹಂಸಗಳ ಜೊತೆ ಮಕರದ ಸಾಲೂ ಇದೆ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲ ಕೂಡಿಸಿ ಹೊಸ ಪ್ರಾಣಿ ಮಾಡುವ ಸ್ವಾತಂತ್ರ್ಯ ಬೈಚೋಜ, ಮಲ್ಲಿತಮ್ಮರಂಥ ಶಿಲ್ಪಿಗಳಿಗಿತ್ತು. ನಿಸರ್ಗಕ್ಕಿಲ್ಲ. ಬಾವಲಿಯ ರೆಕ್ಕೆ ಹಕ್ಕಿಯಿಂದ ಕಡ ತಂದದ್ದಲ್ಲ, ಅದರದೇ ಕೈಬೆರಳು ಉದ್ದವಾಗಿ ಆದದ್ದು. ಬ್ಯಾಕ್ಟೀರಿಯಾಗಳ ಜೀನ್ ಕೊಡುಕೊಳ್ಳುವಿಕೆಯ ಮಾತು ಬೇರೆ. ಗಿಡ, ಪ್ರಾಣಿಗಳು ಬಹುಮಟ್ಟಿಗೆ ಹಿರಿಯರಿಂದ ಬಂದದ್ದನ್ನೇ ತಿದ್ದಿಕೊಂಡು ಬಾಳುತ್ತವೆ. ಜೀವಿಗಳು ಗುಂಪಿನೊಳಗೆ ಗುಂಪಾಗಿ ವಿಂಗಡಣೆಯಾಗುವುದು ಅದಕ್ಕೇ.

ಹಿತ್ತಲ ನುಗ್ಗೆಯನ್ನೇ ನೋಡಿ. ಗರಿಯಂಥ ಎಲೆ, ಉದ್ದನೆಯ ಕಾಯಿ ಕಂಡವರು ಅವರೆ, ತೊಗರಿಯ ಕುಲವೆಂದುಕೊಂಡರೆ ತಪ್ಪಿಲ್ಲ. ಆದರೆ ಒಣಗಿದ ಅವರೆಕಾಯಿ ಬಿರಿದರೆ ಎರಡು ಸೀಳು, ನುಗ್ಗೆ ಬಿರಿದರೆ ಮೂರು. ಬೀಜಕ್ಕೂ ಕಾಗದದಂಥ ಮೂರು ರೆಕ್ಕೆ. ಬೇರು ಜಜ್ಜಿದರೆ ಮೂಗಿಗೆ ಹೊಡೆಯುವುದು ಸಾಸಿವೆಯ ಘಾಟು. ನುಗ್ಗೆ, ಸಾಸಿವೆ, ಎಲೆಕೋಸು, ಪರಂಗಿ ಒಂದೇ ಗಣದವು. ಗ್ಲುಕೋಸಿನೋಲೇಟ್ ಎಂಬ ವಸ್ತುವಿಗೆ, ಜಜ್ಜಿದಾಗ, ಕಿಣ್ವ ತಾಗಿ ಆ ಖಾರ ಹುಟ್ಟುತ್ತದೆ. ಪರಂಗಿ ಬೀಜ ಅಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಸಸ್ಯವಿಜ್ಞಾನಿಗಳಾದ ಬೆಂಥಮ್ ಮತ್ತು ಹೂಕರ್, ನುಗ್ಗೆ ಎಲ್ಲಿಗೂ ಹೊಂದದೆ ಅದನ್ನು ಪ್ರತ್ಯೇಕವಾಗಿಟ್ಟರು. ಪರಂಗಿಯನ್ನು ಇನ್ನೆಲ್ಲೋ ಸೇರಿಸಿದರು. 1975ರಲ್ಲಿ ಸಸ್ಯವಿಜ್ಞಾನಿ ಡಾಲ್‌ಗ್ರೆನ್ ರಸಾಯನದ ಜಾಡು ಹಿಡಿದು ಎಲ್ಲವನ್ನೂ ಒಂದೆಡೆ ತಂದರು. 1990ರ ದಶಕದ ಡಿಎನ್‌ಎ ಪರೀಕ್ಷೆಗಳು ಹೌದೆಂದವು. ಹಾಗೆಂದು ಘಾಟನ್ನೇ ನಂಬಿ ಕೂರುವಂತಿಲ್ಲ: ಪುತ್ರಂಜೀವ ಮರದಲ್ಲೂ ಅದೇ ಬಗೆಯ ವಸ್ತುವಿದೆ, ಆದರೆ ಅದರ ವಂಶ ಬೇರೆ. ಆ ಗುಣ ಅಲ್ಲಿ ಪ್ರತ್ಯೇಕವಾಗಿ ಹುಟ್ಟಿತು.

ಮಕ್ಕಳಿಗೆ ಇಷ್ಟು ಸ್ವಾರಸ್ಯದ ಪತ್ತೇದಾರಿಕೆ ಹೇಳಬೇಕಾದ ಹೊತ್ತಿನಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಿಂದ ಜೀವವಿಕಾಸವನ್ನೇ ತೆಗೆದುಹಾಕಿತು. ಒಂಬತ್ತನೆಯ ತರಗತಿಯ ಜೀವಿವೈವಿಧ್ಯದ ಪಾಠವೂ ಹೋಯಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಆಕ್ಷೇಪಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎಂಬುದು ಸಮಜಾಯಿಷಿ. ಹತ್ತು ಮುಗಿಸಿ ಕಾಮರ್ಸ್‌ಗೋ ಐಟಿಐಗೋ ಹೋಗುವ ಹುಡುಗಿಗೆ ಅದರಿಂದೇನು ಬಂತು?

ಹಾಸನ ಜಿಲ್ಲೆಯ ಸಸ್ಯಗಳ ಮೇಲೇ ಸಲ್ಡಾನ್ಹಾ ಮತ್ತು ನಿಕೋಲ್ಸನ್ 1976ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ತಂದಿದ್ದಾರೆ. ಇಂಥ ಭಾಗ್ಯ ಎಲ್ಲ ಜಿಲ್ಲೆಗಳಿಗಿಲ್ಲ. ಅದನ್ನು ಮುಂದಿಟ್ಟುಕೊಂಡು, ಹೊಸ ಡಿಎನ್‌ಎ ವಿಂಗಡಣೆಯನ್ನೂ ಸೇರಿಸಿ, ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರದ ಶಾಲೆಗಳಿಗೆ ಕನ್ನಡದ ಕೈಪಿಡಿಯೊಂದನ್ನು ಬರೆಸಲು ಜಿಲ್ಲಾಡಳಿತ ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ.