ಆದೇಶಪತ್ರದಲ್ಲಿ ಕಾಣದ ಅಗತ್ಯಗಳು

ತಂತ್ರಾಂಶವೊಂದು ಏನು ಮಾಡಬೇಕೆಂಬುದನ್ನು ಬಳಕೆದಾರರಿಂದ ತಿಳಿದು, ಬರೆದು, ಪರಿಶೀಲಿಸುವ ಅಗತ್ಯ ನಿರೂಪಣೆಯ ಕೆಲಸವನ್ನು ಇನ್ನು ಉಪಕರಣಗಳಿಗೇ ಒಪ್ಪಿಸಬಹುದು, ಸರ್ಕಾರಿ ಆದೇಶಗಳನ್ನು ಓದಿ ಅವೇ ಪಟ್ಟಿ ಸಿದ್ಧಪಡಿಸುತ್ತವೆ ಎಂಬ ವಾದವು ಚಾಮರಾಜನಗರ, ಗುಂಡ್ಲುಪೇಟೆಗಳ ಹೊಲಗಳೆದುರು ನಿಲ್ಲುವುದಿಲ್ಲ. ಉದಾಹರಣೆಗೆ, 2020ರಲ್ಲಿ ರಾಜ್ಯ ಸರ್ಕಾರವು ರೈತರೇ ತಮ್ಮ ಬೆಳೆಯ ವಿವರವನ್ನೂ ಚಿತ್ರವನ್ನೂ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ತಂದಿತು. ಈ ಸೀಮೆಯಲ್ಲಿ ಅರಿಶಿನದ ಜೊತೆಗೆ ಸಣ್ಣ ಈರುಳ್ಳಿಯನ್ನು ಅಂತರಬೆಳೆಯಾಗಿ ಹಾಕುವ ರೂಢಿಯಿದ್ದು, ಈರುಳ್ಳಿ ಕೆಲವೇ ತಿಂಗಳಲ್ಲಿ ಕಟಾವಾಗಿ ಮಾರುಕಟ್ಟೆ ಸೇರಿದರೆ ಅರಿಶಿನ ಎಂಟೊಂಬತ್ತು ತಿಂಗಳು ನೆಲದಲ್ಲಿರುವುದರಿಂದ, ಒಂದೇ ಸರ್ವೆ ನಂಬರಿನಲ್ಲಿ ಯಾವ ಬೆಳೆಯಿದೆ ಎಂಬ ಪ್ರಶ್ನೆಯ ಉತ್ತರವು ಕೇಳಿದ ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಪರಿಹಾರಕ್ಕೂ ವಿಮೆಗೂ ಸಮೀಕ್ಷೆಯ ದಾಖಲೆಯೇ ಆಧಾರವಾದಾಗ, ಬಿಟ್ಟುಹೋದ ಬೆಳೆಯ ನಷ್ಟ ರೈತನ ಹೆಗಲಿಗೇ ಬೀಳುತ್ತದೆ. ಆದೇಶದಲ್ಲಿ ಕಾಣದ ಈ ತಿಂಗಳ ಲೆಕ್ಕವನ್ನು ಬೆಳೆಗಾರರ ಬಾಯಿಂದಲೇ ಕೇಳಬೇಕು.

ಉಪಕರಣಗಳು ಬೇಡವೆಂದಲ್ಲ. ಪ್ರತಿ ಅಗತ್ಯವು ಯಾರಿಂದ ಬಂತು, ಯಾವ ಪರೀಕ್ಷೆಯಲ್ಲಿ ತಾಳೆಯಾಯಿತು ಎಂಬ ಜಾಡನ್ನು ಅಗತ್ಯ ನಿರೂಪಣೆ ಕುರಿತ 29148 ಸಂಖ್ಯೆಯ ಅಂತರರಾಷ್ಟ್ರೀಯ ಮಾನದಂಡವೂ ಬಯಸುತ್ತದೆ, ಮತ್ತು ನೂರಾರು ಅಗತ್ಯಗಳ ಜಾಡನ್ನು ಕೈಯಿಂದ ಕಾಯುವುದು ನಿಜಕ್ಕೂ ಕಷ್ಟ. ಆದರೆ ಆ ಜಾಡಿನ ಮೊದಲ ತುದಿ ಆದೇಶಪತ್ರದಲ್ಲಲ್ಲ, ಇದೇ ಸೀಮೆಯ ತೆರಕಣಾಂಬಿಯ ರೈತ ಆಡಿದ ಕನ್ನಡದ ಮಾತಿನಲ್ಲಿರಬೇಕು. ಅದನ್ನು ಆಡಿದಂತೆಯೇ ದಾಖಲಿಸಿಕೊಳ್ಳುವ ಉಪಕರಣವನ್ನೇ ಮೊದಲು ಕಟ್ಟಬೇಕಾಗಿದೆ.