ಕಡಲಸೌತೆಗೆ ಗಾಜಿನ ಮನೆ ಬೇಡ

ಹಿಮಾಯತ್‌ನಗರದಿಂದ ಮಚಲೀಪಟ್ಟಣದ ಕಡಲು 300 ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಇಲ್ಲಿನ ಫ್ಲ್ಯಾಟಿನಲ್ಲಿ ಪುಟ್ಟ ಕಡಲೊಂದನ್ನು ಕಟ್ಟಿಕೊಳ್ಳಬಹುದು. ಕೃಷ್ಣಾ, ಗೋದಾವರಿಯಿಂದ ಬರುವ ನಲ್ಲಿ ನೀರನ್ನು ಆರ್‌ಓ ಯಂತ್ರದಲ್ಲಿ ಸೋಸಿ, ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ ಕರಗಿಸಿದರೆ ಉಪ್ಪುನೀರು ಸಿದ್ಧ. ಮರಳು ಹಾಸಿ, ಮೀನು ಬಿಟ್ಟು, ಆ ಮರಳು ಕೊಳೆಯಾಗತೊಡಗಿದಾಗ ಮುಂದಿನ ಆಸೆ ಹುಟ್ಟುತ್ತದೆ: ಮರಳನ್ನೇ ನುಂಗಿ ಚೊಕ್ಕಟ ಮಾಡುವ ಕಡಲಸೌತೆಯನ್ನು ತಂದರೆ ಹೇಗೆ? ಅದನ್ನು ಸುರಕ್ಷಿತವಾಗಿ ಸಾಕುವುದು ಹೇಗೆ?

ಸಾಕದಿರುವುದೇ ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ.

ಮೊದಲು ತೊಟ್ಟಿಯ ಮಾತು. ಅನೇಕ ಕಡಲಸೌತೆಗಳ ಮೈಯಲ್ಲಿ ಹೊಲೊಥುರಿನ್ ಎಂಬ ವಿಷವಿದೆ. ಪಂಪಿನ ಬಾಯಿಗೆ ಸಿಕ್ಕಿ ಹರಿದರೆ, ಹೆದರಿ ಕರುಳನ್ನು ಹೊರಚೆಲ್ಲಿದರೆ, ಅಥವಾ ಯಾರ ಗಮನಕ್ಕೂ ಬಾರದೆ ಸತ್ತರೆ, ಆ ವಿಷ ನೀರಿಗೆ ಬೆರೆತು ಮೀನುಗಳನ್ನೆಲ್ಲ ಕೊಲ್ಲಬಹುದು. ಪಂಪಿಗೆ ಸ್ಪಂಜು ಕಟ್ಟಬಹುದು, ಸರಿ. ಆದರೆ ಹಸಿವಿಗೆ ಏನು ಕಟ್ಟುತ್ತೀರಿ? ಅದು ತಿನ್ನುವುದು ಮರಳಿನಲ್ಲಿ ಬೆರೆತ ಜೈವಿಕ ಕಸ. ಸಣ್ಣ ತೊಟ್ಟಿಯಲ್ಲಿ ಅದು ಬೇಗ ಮುಗಿಯುತ್ತದೆ. ಆಮೇಲೆ ಪ್ರಾಣಿ ತಿಂಗಳುಗಟ್ಟಲೆ ಕುಗ್ಗುತ್ತಾ ಹೋಗುತ್ತದೆ. ನೋಡುವವರಿಗೆ ಅದು ಆರಾಮವಾಗಿ ಮಲಗಿದಂತೆ ಕಾಣುತ್ತದೆ.

ಇನ್ನು ಕಾನೂನು. 2001ರಲ್ಲಿ ಕೇಂದ್ರ ಸರ್ಕಾರ ಎಲ್ಲ ಬಗೆಯ ಕಡಲಸೌತೆಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿಗೆ, ಹುಲಿ ಆನೆಗಳ ಸಾಲಿಗೆ ಸೇರಿಸಿತು. ಒಣಗಿಸಿ ಪೂರ್ವ ಏಷ್ಯಾಕ್ಕೆ ಕಳಿಸುವ ವ್ಯಾಪಾರ ಅವುಗಳನ್ನು ಬರಿದು ಮಾಡುತ್ತಿತ್ತು. ಇವು ತತ್ತಿ, ವೀರ್ಯಗಳನ್ನು ನೀರಿಗೇ ಬಿಡುವ ಜೀವಿಗಳು. ಹತ್ತಿರದಲ್ಲಿ ಜೊತೆಗಾರರಿಲ್ಲದಿದ್ದರೆ ಸಂತಾನವೇ ಇಲ್ಲ. 2020ರಲ್ಲಿ ಲಕ್ಷದ್ವೀಪದ ಚೆರಿಯಪಾಣಿಯಲ್ಲಿ 239 ಚದರ ಕಿಲೋಮೀಟರ್ ಕಡಲನ್ನು ಇವುಗಳಿಗಾಗಿಯೇ ಮೀಸಲಿಟ್ಟರು.

ಈ ನಿಷೇಧದ ಭಾರ ಹೊತ್ತವರು ಯಾರು? ತಮಿಳುನಾಡಿನ ರಾಮನಾಥಪುರದ ಕರಾವಳಿಯ ಬೆಸ್ತರು. ಅವರು ಇದನ್ನು ಕಡಲ್ ಅಟ್ಟೈ, ಅಂದರೆ ಕಡಲ ಜಿಗಣೆ ಎನ್ನುತ್ತಾರೆ. ತಲೆಮಾರುಗಳಿಂದ ಮುಳುಗಿ ಹೆಕ್ಕುತ್ತಿದ್ದ ಜೀವಿಯನ್ನು ಈಗ ಮುಟ್ಟಿದರೆ ಜೈಲು. ನಿಷೇಧ ತೆಗೆಯಿರಿ ಎಂದು ಅವರು ಕೇಳುತ್ತಲೇ ಇದ್ದಾರೆ. ಅವರ ವಾದದಲ್ಲಿ ಅನ್ನದ ಪ್ರಶ್ನೆಯಿದೆ. ಹೊಟ್ಟೆಪಾಡಿಗೆ ಹಿಡಿದವನಿಗೆ ಇಲ್ಲದ ರಿಯಾಯಿತಿ ನಮ್ಮ ಹಾಲಿನ ಅಂದಕ್ಕೆ ಯಾಕೆ?

‘ಇದು ಹೊರದೇಶದ್ದು’ ಎಂದು ಮಾರುವವರು ಹೇಳಬಹುದು. ಬಾಯಿಮಾತು ದಾಖಲೆಯಲ್ಲ. ಬೇಡಿಕೆಯಿದ್ದಲ್ಲಿ ಮನ್ನಾರ್ ಕೊಲ್ಲಿಯದೂ ಹೊರದೇಶದ್ದಾಗುತ್ತದೆ.

ಮರಳು ಕೊಳೆಯಾಯಿತೇ? ಮೀನಿಗೆ ಹಾಕುವ ಆಹಾರ ಕಡಿಮೆ ಮಾಡಿ. ವಾರಕ್ಕೊಮ್ಮೆ ಪೈಪಿನಿಂದ ಕಸ ಎಳೆದು, ಅಷ್ಟೇ ಹೊಸ ಉಪ್ಪುನೀರು ತುಂಬಿ. ಈಗಾಗಲೇ ಕಡಲಸೌತೆ ಮನೆಯಲ್ಲಿದ್ದರೆ ಹುಸೇನ್ ಸಾಗರಕ್ಕೆ ಬಿಡಬೇಡಿ, ಸಿಹಿನೀರಿನಲ್ಲಿ ಅದು ಬದುಕದು. ಅರಣ್ಯ ಇಲಾಖೆಗೆ ತಿಳಿಸಿ. ಕಡಲಿನ ಮರಳನ್ನು ತೊಳೆಯುವ ಕೆಲಸ ಅದರದು; ನಮ್ಮ ತೊಟ್ಟಿಯದು ನಮ್ಮದೇ.