ಹೊಳಪಿಗೆ ಬಿಳುಪು ಬೇಕಾ?

"ಕಪ್ಪಗಿದ್ದವರಿಗೆ ಮಿಂಚೋ ಐಶ್ಯಾಡೋ ಒಪ್ಪಂಗಿಲ್ಲ" ಅನ್ನೋ ಮಾತನ್ನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಿಂದ ಬಂದ ನಾವೆಲ್ಲ ಮದುವೆ ಮನೆಗಳಲ್ಲಿ ಕೇಳಿ ಬೆಳೆದವರು. ಈಗ ಹಾಸ್ಟೆಲ್‌ನಲ್ಲಿ ಕ್ಯಾನ್‌ಮೇಕ್, ಸೆಝಾನ್ ಹಚ್ಚಿ ನೋಡಿದ್ದೇವೆ. ಜಪಾನಿನಲ್ಲಿ ಇವು ಔಷಧಿ ಅಂಗಡಿಯಲ್ಲೇ ಸಿಗೋ ಅಗ್ಗದ ಬ್ರ್ಯಾಂಡ್‌ಗಳು. ನೋಡಿದ ಮೇಲೆ ಹೇಳ್ತೇವೆ: ಆ ಮಾತು ಸುಳ್ಳು.

ಕಾರಣ ಫಿಸಿಕ್ಸ್‌ನಲ್ಲೇ ಇದೆ. ಮಿನುಗು ಬರೋದು ಮೈಕಾ, ಅಂದ್ರೆ ನಮ್ಮ ಕಾಗೆಬಂಗಾರದ ತೆಳು ಚಕ್ಕೆಗಳಿಂದ. ಅವುಗಳ ಮೇಲೆ ಟೈಟಾನಿಯಂ ಡೈಆಕ್ಸೈಡ್ ಪದರ ಇರುತ್ತದೆ. ಪದರ ಸುಮಾರು 50 ನ್ಯಾನೋಮೀಟರ್ ಇದ್ದರೆ ಬೆಳ್ಳಿ ಹೊಳಪು, 70ರ ಹತ್ತಿರ ಹೋದರೆ ಚಿನ್ನದ್ದು. ಸೋಪಿನ ಗುಳ್ಳೆಯ ಬಣ್ಣಕ್ಕೆ ಓದಿದೀವಲ್ಲ, ಅದೇ ಥಿನ್ ಫಿಲ್ಮ್ ಇಂಟರ್‌ಫಿಯರೆನ್ಸ್. ಚಕ್ಕೆ ದಾಟಿ ಒಳಗೆ ಹೋದ ಬೆಳಕನ್ನ ಬಿಳಿ ಹಿನ್ನೆಲೆ ವಾಪಸ್ ಕಳಿಸಿ ಹೊಳಪನ್ನ ಮಂಕು ಮಾಡುತ್ತದೆ. ಗಾಢ ಹಿನ್ನೆಲೆ ಅದನ್ನ ಹೀರಿಕೊಳ್ಳುತ್ತದೆ, ಹೊಳಪು ಎದ್ದು ಕಾಣುತ್ತದೆ.

ಹಂಗಂತ ಎಲ್ಲಾ ಶೇಡ್ ಒಪ್ಪೋದಿಲ್ಲ. ಯಾವ ಕಂಪನಿಯದೇ ಇರಲಿ, ಮಿನುಗಿಲ್ಲದ ತಿಳಿ ಗುಲಾಬಿ ನಮ್ಮ ರೆಪ್ಪೆ ಮೇಲೆ ಬೂದಿ ಬಳಿದಂಗೆ ಕಾಣುತ್ತದೆ. ಕಂಚು, ತಾಮ್ರ, ಚಿನ್ನದ ಶೇಡ್‌ಗಳು ಬೆರಳಲ್ಲಿ ಒಂದು ಸಲ ಒತ್ತಿದರೆ ಸಾಕು, ಮಿಂಚುತ್ತವೆ. ಬದಲಿಸಬೇಕಾದದ್ದು ಶೇಡ್, ಮೈಬಣ್ಣ ಅಲ್ಲ.

ಗಾಢ ಒಡಲಿನ ಮೇಲೆ ಜರಿ ಎದ್ದು ಕಾಣೋದು ರಬಕವಿ-ಬನಹಟ್ಟಿ ನೇಕಾರರಿಗೆ ಹೊಸದಲ್ಲ. ಅಂಥ ಸೀರೆ ನೋಡಿ "ಏನ್ ಕಳೆ ಐತಿ!" ಅನ್ನೋ ಅತ್ತಿ, ಕಾಕುಗಳು ನಮ್ಮ ಮುಖಕ್ಕೂ ಅದೇ ಲೆಕ್ಕ ಹಾಕಲಿ. ನೀವೂ ರೀಲ್ ನೋಡಿ ಶೇಡ್ ಆರಿಸಬ್ಯಾಡ್ರಿ. ಕೈ ಮೇಲೆ ಹಚ್ಚಿ, ಬಿಸಿಲಿಗೆ ಹಿಡಿದು ನೋಡ್ರಿ.